ನಮ್ಮ ನೀಲಾ ‘ಕ್ರಾಸಿಂಗ್’ ಆದದ್ದು

“ಹಂಗಾರ ಇದು ಕ್ರಾಸಿಂಗ್ ಕೂಸೇನವ್ವಾ?”

ಗದ್ವಾಲದಿಂದ ಧರೂರಿಗೆ ಹೊರಟ ಬಸ್ಸಿನಲ್ಲಿ, ಪಕ್ಕದ ಸೀಟಿನ ಅಜ್ಜಿಯೊಬ್ಬರು ನನ್ನ ಅಕ್ಕನ ಏಳು ವರ್ಷದ ಮಗಳು ನೀಲಾಳ ಗುಂಗುರು ಕೂದಲು ಸವರುತ್ತಾ ಕೇಳಿದರು. ಅವಳ ಅಪ್ಪ ಕೀನ್ಯಾದವರು ಎಂದು ನಾನು ಆಗಷ್ಟೇ ಹೇಳಿದ್ದೆ. ಹೇಳಿದ್ದೇ ತಪ್ಪಾಯಿತು.

ನಮ್ಮ ಕಡೆ ಕ್ರಾಸಿಂಗ್ ಎಂದರೆ ಬೀಜದ ಹತ್ತಿಯ ಹೊಲದ ಕೆಲಸ. ಒಂದು ತಳಿಯ ಹೂವನ್ನು ಇನ್ನೊಂದು ತಳಿಯ ಹೂವಿಗೆ ಕೈಯಿಂದ ಒರೆಸಿ ಹೈಬ್ರಿಡ್ ಬೀಜ ಮಾಡುತ್ತಾರೆ. ಅಜ್ಜಿ ಅದೇ ಕೂಲಿಗೆ ಹೋಗುವವರು.

“ಹಂಗ ಅನಬ್ಯಾಡ್ರಿ ಅಮ್ಮಾ. ಕೂಸಿಗೆ ನೀಲಾ ಅಂತ ಹೆಸರೈತಿ” ಎಂದೆ.

“ಹೈಬ್ರಿಡ್ ಬೀಜಕ್ಕೂ ಹೆಸರಿರ್ತೈತಿ ಬಿಡವ್ವ, ಪಾಕೀಟಿನ ಮ್ಯಾಲ ಬರ್ದಿರ್ತಾರ. ನಾ ಏನ್ ಕೆಟ್ಟದ್ದಂದೆ? ಕ್ರಾಸಿಂಗ್ ಮಾಡಿದ್ದು ಗಟ್ಟಿ ಇರ್ತೈತಿ.”

ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಇವರು ಹೊಗಳುತ್ತಿದ್ದರು. ಹಿಂದೆ ಮದುವೆ ಮನೆಯಲ್ಲಿ ‘ಮಿಕ್ಸ್’ ಎಂದವರು, ಶಾಲೆಯಲ್ಲಿ ‘ಹಾಫ್’ ಎಂದವರು, ಎಲ್ಲರೂ ಹೀಗೆಯೇ ನಗುನಗುತ್ತಾ ಅಂದವರು. ಎಷ್ಟು ಜನರಿಗೆಂದು ಬುದ್ಧಿ ಹೇಳಲಿ? ಸಾಕಾಗಿ ಕಿಟಕಿಯ ಕಡೆ ಮುಖ ತಿರುಗಿಸಿದೆ. ಅಜ್ಜಿ ತಮ್ಮ ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿಯನ್ನು ನೀಲಾಳಿಗೆ ಕೊಟ್ಟರು. ಅವಳು ಖುಷಿಯಿಂದ ತಿಂದಳು.

ಧರೂರಿನಲ್ಲಿ ಇಳಿದಾಗ ಕಿರಾಣಿ ಅಂಗಡಿಯವರು, “ಯಾರ ಮಗಳವ್ವಾ ನೀನು?” ಎಂದು ನೀಲಾಳನ್ನು ಕೇಳಿದರು. ಬೆಳಿಗ್ಗೆ ಗದ್ವಾಲದಲ್ಲಿ ಇದೇ ಪ್ರಶ್ನೆಗೆ ಅವಳು ಅಮ್ಮನ ಹೆಸರು ಹೇಳಿದ್ದಳು. ಈಗ, “ನಾನು ಕ್ರಾಸಿಂಗ್ ರೀ” ಎಂದಳು.