ಬಾಳೆಹಣ್ಣು, ಕುರ್ಚಿ, ಆನೆ

ಇವತ್ತು ಬೆಳಿಗ್ಗೆ ರಕ್ತಪರೀಕ್ಷೆಗೆ ಹೋಗಿದ್ದೆ. ಸ್ಪಿರಿಟ್ ಹಚ್ಚಿದ ಹತ್ತಿಯ ವಾಸನೆ ಬಡಿದದ್ದೇ ತಡ, ಸಕ್ಕರೆ ಕಾಯಿಲೆಯ ಜೊತೆಗೆ ಇನ್ನೂ ಹೆಸರಿಡದ ಕಾಯಿಲೆಗಳೂ ನನಗಿದ್ದಾವು ಅನ್ನಿಸಿತು. ನೀವು ನಗಬಹುದು. ಬೆಳಿಗ್ಗೆ ಪೇಪರಿನಲ್ಲಿ ಓದಿದ ರೋಗ ಸಂಜೆಯೊಳಗೆ ನನಗೆ ಬಂದಿರುತ್ತದೆ. ಆ ವಾಸನೆಯ ಹಿಂದೆಯೇ ಕೊಟ್ಟೂರಿನ ಶಾಲೆ ನೆನಪಾಯಿತು, ನನ್ನ ಸೋದರಮಾವ ಕೊಟ್ರಬಸಪ್ಪ ನೆನಪಾದ.

ತೊಂಬತ್ತರ ದಶಕದ ಕೊನೆಯ ಮಾತು. ಮಾವನದು ಪಾತ್ರೆ-ಬಾಂಡೆಗಳ ಅಂಗಡಿ. ಮಧ್ಯಾಹ್ನ ಊಟಕ್ಕೆಂದು ಹೊರಟವನು ತನ್ನ ಮನೆ ಬಿಟ್ಟು ಪಕ್ಕದ ಮಹಬೂಬ್ ಸಾಬರ ಮನೆಗೆ ಹೋಗಿ, ಕಾಲು ಮಡಚಿ ಕೂತು, ತಾಟು ಇಡಲು ಹೇಳತೊಡಗಿದ್ದ. ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಸಾಬರು ಅವನ ಬಾಲ್ಯದ ಗೆಳೆಯರು. ತಪ್ಪು ಮನೆಗೆ ಬಂದಿದ್ದೀಯ ಅಂತ ಒಂದು ದಿನವೂ ಅನ್ನಲಿಲ್ಲ.

"ಇವತ್ತ್ ಮನಿ ಮರ್ತಾರ. ನಾಳೆ ನನ್ನ ಮರೀತಾರೇನೋ ತಮ್ಮಾ?" ಅಂದಳು ಅತ್ತೆ. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ. ನಾನು ಧೈರ್ಯ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ, ಇದು ಸೋದರಮಾವನಿಂದ ಅಳಿಯನಿಗೆ ಬರುತ್ತದೆಯೇ ಎಂಬ ಚಿಂತೆ ನನಗೆ ಹತ್ತಿತು.

ಅಷ್ಟರಲ್ಲಿ ಬೆಂಗಳೂರಿನಿಂದ ಸಂಶೋಧನೆಯ ತಂಡವೊಂದು ಬಂದು ಶಾಲೆಯಲ್ಲಿ ಇಳಿಯಿತು. "ಮಿದುಳೊಳಗೆ ಸಣ್ಣ ಉರಿಯೂತ ವರ್ಷಗಟ್ಟಲೆ ಇದ್ದರೆ ಮರೆವು ಬರುತ್ತದೆಯೇ ಅಂತ ಹುಡುಕ್ತಿದ್ದೀವಿ" ಎಂದು ತಂಡದ ಡಾಕ್ಟರಮ್ಮ ವಿವರಿಸಿದರು. "ತಿಳೀತ್ ಬಿಡ್ರಿ ಮೇಡಂ, ಹೊಗಿ ಬರಲ್ದ ಮೋಟರ್ ಸುಡತೈತಲ್ಲ, ಹಂಗ" ಅಂದರು ಸಾಬರು.

ಊರಿನ ಹಿರಿಯರಿಗೆಲ್ಲ ಪರೀಕ್ಷೆ, ಅದೂ ಸರಳ. ಮೂರು ಪದ ಹೇಳುವುದು, ಬೇರೆ ಮಾತಾಡುವುದು, ಆಮೇಲೆ ಆ ಪದ ಕೇಳಿ ರಕ್ತ ತೆಗೆದುಕೊಳ್ಳುವುದು. ಆದರೆ ನಮ್ಮಲ್ಲಿ ಒಳಗೆ ಹೋಗಿ ಬಂದವನು ಏನು ಕೇಳಿದರು ಎಂದು ಸಾಲಿನಲ್ಲಿದ್ದವರಿಗೆ ಹೇಳದಿದ್ದರೆ ಅವನೊಬ್ಬ ಮನುಷ್ಯನೇ? ಸ್ವಲ್ಪ ಹೊತ್ತಿಗೆ ಸಾಲಿಗೆ ಸಾಲೇ "ಬಾಳೆಹಣ್ಣು, ಕುರ್ಚಿ, ಆನೆ" ಎಂದು ಜಪಿಸುತ್ತಿತ್ತು. "ಲೇ ಕೊಟ್ರ, ಆನಿ ಬಿಟ್ಟಿ, ಮತ್ತೊಮ್ಮೆ ಅನ್ನು" ಎಂದು ಸಾಬರು ಮಾವನಿಗೆ ಬಾಯಿಪಾಠ ಮಾಡಿಸಿದರು. ನನ್ನನ್ನು ಯಾರೂ ಪರೀಕ್ಷಿಸುವವರಿರಲಿಲ್ಲ, ಆದರೂ ಉರುಹೊಡೆದೆ.

ಇಡೀ ಊರಿಗೆ ಮರೆವೇ ಇಲ್ಲವಲ್ಲ ಎಂದು ಡಾಕ್ಟರಮ್ಮ ಬೆರಗಾಗಿದ್ದರು. ಅಷ್ಟರಲ್ಲಿ ಒಬ್ಬ ಮುದುಕ ಹೊಸ್ತಿಲಲ್ಲೇ ನಿಂತು, "ಬಾಳೆಹಣ್ಣು, ಕುರ್ಚಿ, ಆನಿ. ನಮಸ್ಕಾರ್ರಿ" ಅಂದ. ಕೂಡಲೇ ಪದ ಬದಲಾದವು: ಕೊಡೆ, ಗಿಳಿ, ಬೆಲ್ಲ. ಜನ ಬದಲಾಗಲಿಲ್ಲ. ಎಲ್ಲರೂ ಬಾಳೆಹಣ್ಣನ್ನೇ ಹಿಡಿದು ಕೂತರು. ಬೆಳಿಗ್ಗೆ ಮರೆವೇ ಇಲ್ಲದ ಊರು ಮಧ್ಯಾಹ್ನಕ್ಕೆ ಪೂರ್ತಿ ಮರೆವಿನ ಊರಾಯಿತು.

ಮಾವನಿಗೆ ಮಾತ್ರ ಹೊಸ ಪದವೂ ಬರಲಿಲ್ಲ, ಹಳೆಯದೂ ಬರಲಿಲ್ಲ. "ಹಿಂಗ್ ಪೇಪರ್ ಬದ್ಲಿ ಮಾಡಿದ್ರ ಹೆಂಗ್ರಿ? ಈಗಷ್ಟ ಬರತಿತ್ತವಗ!" ಎಂದು ಸಾಬರು ಜಗಳಕ್ಕೇ ನಿಂತರು. ಡಾಕ್ಟರಮ್ಮ ಅತ್ತೆಯನ್ನು ತೋರಿಸಿ, ಇವರು ಯಾರು ಎಂದರು.

ಮಾವ ಬಹಳ ಹೊತ್ತು ನೋಡಿದ. "ಹೆಸ್ರು ಬರವಲ್ದ್ರಿ. ಆದ್ರ ಇಕಿ ಮುಂದ ಜೋರ್ ಮಾತಾಡಬ್ಯಾಡ್ರಿ, ಆಮ್ಯಾಲೆ ಎಲ್ಲಾರೂ ಬೈಸ್ಕೊಂತೀವಿ."

ಅತ್ತೆ ಕೇಳಿದಳು: "ಔಷಧಿ?"

"ಇನ್ನೂ ಇಲ್ಲಮ್ಮ. ಮುಂದೆ ಯಾರಿಗಾದರೂ ಸಿಗಲಿ ಅಂತಲೇ ರಕ್ತ ತಗೊಳ್ತಿರೋದು."

"ಯಾರಿಗರ ಅಂದ್ರ ನಮಗಲ್ಲ. ಇರ್ಲಿ, ತಗೊಳ್ರಿ" ಅಂದು ಮಾವನ ತೋಳು ತಾನೇ ಮೇಲೇರಿಸಿದಳು.

ಮರುದಿನದಿಂದ ಅವಳು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಮಾವನಿಗಿಂತ ಮುಂಚೆ ಸಾಬರ ಮನೆ ಸೇರಿ, ಅವನು ಬಂದಾಗ "ಬರ್ರಿ, ಕೈ ತೊಳ್ಕರಿ" ಅನ್ನತೊಡಗಿದಳು. ಜಾಗ ಸಾಲದೆ ಸಾಬರ ಮನೆಯವರು ಮಾವನ ಮನೆಯಲ್ಲಿ ಉಣ್ಣತೊಡಗಿದರು. ಒಮ್ಮೆ ಸಾಬರು ತಮ್ಮ ಮನೆಯೊಳಗೆ ಕಾಲಿಟ್ಟಾಗ ಮಾವ, "ಬಾರಲೇ ಮಹಬೂಬ, ನಮ್ಮನಿಗೆ ಬಂದು ಬಾಳ ದಿನಾ ಆತು!" ಅಂದ. ಸಾಬರು ಚಪ್ಪಲಿ ಬಿಟ್ಟು, ಅತಿಥಿಯ ಸಂಕೋಚದಿಂದ ಗೋಡೆಗೊರಗಿ ಕೂತು, ಅತ್ತೆ ಕೊಟ್ಟ ಚಹಾ ಕುಡಿದರು.

ನಾನೀಗಿರುವುದು ಹೊಸಪೇಟೆಯ ಅಪಾರ್ಟ್‌ಮೆಂಟಿನಲ್ಲಿ. ರಿಪೋರ್ಟ್ ಬರುವವರೆಗೆ ಚಿಂತಿಸುತ್ತ ಕೂರುವುದು ನನ್ನ ಪದ್ಧತಿ. ಇವತ್ತು ಅದನ್ನು ಬಿಟ್ಟು, ವರ್ಷಗಟ್ಟಲೆಯಿಂದ ಮುಚ್ಚಿಯೇ ಇದ್ದ ಎದುರುಮನೆಯ ಬಾಗಿಲಿನ ಬೆಲ್ ಒತ್ತಿದೆ.

ಬಾಗಿಲು ತೆರೆದವರು ಗಾಬರಿಯಾಗಿ, "ನೀರ್ ಬರವಲ್ದೇನ್ರಿ?" ಎಂದರು.

"ಬರಾಕತ್ತೈತ್ರಿ. ಸುಮ್ನ ಬಂದೆ" ಎಂದು ಒಳಗೆ ಹೋಗಿ ಕೂತೆ. ಮುಂದೆ ನಾನೂ ಊಟಕ್ಕೆ ಮನೆ ತಪ್ಪಿದರೆ ಇರಲಿ ಅಂತ, ಅಡುಗೆಮನೆ ಯಾವ ಕಡೆ ಇದೆ ಎಂದು ನೋಡಿಕೊಂಡೆ.