ಇರಾನಿ ಹೊದಿಕೆಯನ್ನು ತುಳಿದು ಒಗೆದದ್ದು

ಉಣ್ಣೆಗೆ ಮೈಲಿಗೆ ಇಲ್ಲ. ಮದುವೆಯಾಗಿ ಶಿರಾಕ್ಕೆ ಬಂದ ಹೊಸತರಲ್ಲಿ ಅತ್ತೆಯವರು ನನಗೆ ಹೇಳಿಕೊಟ್ಟ ಮೊದಲ ಪಾಠ ಇದು. ಹತ್ತಿಯ ಸೀರೆಯಾದರೆ ನೆನೆಸಿ ಒಣಗಿಸಬೇಕು. ಕಂಬಳಿಗೆ ಅದು ಬೇಡ, ಕೊಡವಿದರೆ ಸಾಕು. ದೇವರ ಕೆಲಸಕ್ಕೆ ನಮ್ಮಲ್ಲಿ ಕಂಬಳಿಯ ಗದ್ದುಗೆಯನ್ನೇ ಹಾಸುವುದು. ಈ ಪಾಠ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಅನ್ನುವುದಕ್ಕೇ ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ.

ನಮ್ಮ ಎದುರು ಮನೆ ಸಾಬರದು. ಆ ಮನೆಯ ಯಜಮಾನಿಯನ್ನು ನಾವೆಲ್ಲ ಬೂಬಮ್ಮ ಎಂದೇ ಕರೆಯುತ್ತಿದ್ದೆವು; ಹಿರಿಯ ಮುಸಲ್ಮಾನ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು ವಾಡಿಕೆ. ಗಂಡ ತೀರಿಹೋಗಿದ್ದರು. ರವಿಕೆ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವರು. ದೊಡ್ಡವಳನ್ನು ಕೊರಟಗೆರೆಗೆ ಕೊಟ್ಟಿದ್ದರು, ಚಿಕ್ಕವಳಿಗೆ ತುಮಕೂರಿನ ಗಂಡು ಗೊತ್ತಾಗಿತ್ತು. ನನ್ನ ಕೈಗೆ ಸೂಜಿ ಕೊಟ್ಟು ಸರಪಳಿ ಹೊಲಿಗೆ ಕಲಿಸಿದವರೂ ಅವರೇ.

ಆ ಮನೆಯಲ್ಲಿ ಹಳೆಯ ಕಾಲದ ವೈಭವ ಅಂತ ಉಳಿದದ್ದು ಒಂದೇ ಒಂದು, ಉಣ್ಣೆಯ ಹೊದಿಕೆ. ಕುದುರೆ ಮಾರಲು ಬಂದ ಇರಾನಿಗಳ ಹತ್ತಿರ ಅವರ ಮುತ್ತಜ್ಜ ಕೊಂಡದ್ದಂತೆ. ಕೆಂಪು ಉಣ್ಣೆಬಟ್ಟೆಯಲ್ಲಿ ಹೂವಿನ ಆಕಾರದ ತೂತು ಕತ್ತರಿಸಿ, ಅದೇ ಅಳತೆಗೆ ಕತ್ತರಿಸಿದ ಹಳದಿ, ಬಿಳಿ, ಎಲೆಹಸಿರು ಉಣ್ಣೆಯ ತುಂಡುಗಳನ್ನು ಆ ತೂತುಗಳಲ್ಲಿ ಕೂರಿಸಿದ್ದರು. ಒಂದರ ಮೇಲೊಂದು ಹಚ್ಚಿದ್ದಲ್ಲ. ಬಾಯಿಗೆ ಹಲ್ಲು ಕೂತಂತೆ ಕೂತಿತ್ತು. ಕೂಡಿದ ಕಡೆಯಲ್ಲೆಲ್ಲ ರೇಷ್ಮೆಯ ಸರಪಳಿ ಹೊಲಿಗೆ. ಬಳ್ಳಿ, ಹೂವು, ನಡುವೆ ಎರಡು ಗಿಳಿ. ಕೈಯಾಡಿಸಿದರೆ ಎಲ್ಲೂ ಏರುತಗ್ಗು ಸಿಗುತ್ತಿರಲಿಲ್ಲ.

"ರಷ್ತ್ ಅಂತ ಒಂದೂರಂತೆ ಅಲ್ಲಿ. ಅಲ್ಲಿ ಗಂಡಸ್ರು ಬಜಾರಲ್ಲಿ ಕೂತ್ಕೊಂಡು ಹೊಲೀತಾರಂತೆ" ಎಂದು ಬೂಬಮ್ಮ ನಗುತ್ತಿದ್ದರು. "ನಮ್ಮೂರ ಗಂಡಸ್ರಿಗೆ ಒಂದು ಗುಂಡಿ ಹಾಕು ಅಂದ್ರೆ ಕಣ್ಣು ಕಾಣ್ಸಲ್ಲ."

ಆ ಮನೆಯ ಹೆಣ್ಣುಮಕ್ಕಳು ನಿಕಾಹ್ ದಿನ ಅದರ ಮೇಲೆಯೇ ಕೂರಬೇಕು. ಬೂಬಮ್ಮ ಕೂತಿದ್ದರು, ಅವರ ತಾಯಿ ಕೂತಿದ್ದರು, ದೊಡ್ಡ ಮಗಳೂ ಕೂತಿದ್ದಳು. ರಂಜಾನ್ ಕಳೆದ ಮೇಲೆ ಚಿಕ್ಕವಳ ಸರದಿ.

ಅಷ್ಟರಲ್ಲಿ ಕೊರಟಗೆರೆಯ ಮಗಳಿಗೆ ಹೆರಿಗೆ ಹತ್ತಿರ ಬಂತು. ಎದ್ದು ಓಡಾಡುವ ಸ್ಥಿತಿಯಲ್ಲಿಲ್ಲ ಎಂದು ಹೇಳಿಕಳಿಸಿದರು. ಬೂಬಮ್ಮ ಚಿಕ್ಕ ಮಗಳನ್ನೂ ಕರೆದುಕೊಂಡು ಎರಡು ತಿಂಗಳಿಗೆಂದು ಹೊರಟರು. ಮನೆಗೆ ಬೀಗ, ಪೆಟ್ಟಿಗೆಗೆ ಗೆದ್ದಲು. ಹೊದಿಕೆಯನ್ನು ಎದೆಗೆ ಅವಚಿಕೊಂಡು ನಮ್ಮ ಬಾಗಿಲಿಗೆ ಬಂದರು.

"ಬೇಟಿ, ಇದನ್ನ ಒಂಚೂರು ನೋಡ್ಕೋ. ವಾರಕ್ಕೊಂದ್ಸಲ ನೆರಳಲ್ಲಿ ಹರವು. ಬೇವಿನಸೊಪ್ಪು ಹಾಕಿ ಮಡಚಿಡು. ಅಷ್ಟೇ."

ನಾನು ಅತ್ತೆಯವರ ಮುಖ ನೋಡಿದೆ. ಮಡಿಯಲ್ಲಿ ಬಿಗಿಯಾದವರು, ಬೇಡ ಅನ್ನುತ್ತಾರೆ ಎಂದುಕೊಂಡೆ. ಅವರು ಹೊದಿಕೆಯ ಅಂಚನ್ನು ಹಿಡಿದು ನೋಡಿ, "ಉಣ್ಣೆ ಕಣಮ್ಮ ಇದು. ಕಂಬ್ಳಿಗೆ ಇಲ್ದಿರೋ ಮೈಲ್ಗೆ ಇದಕ್ಕೆಲ್ಲಿಂದ ಬತ್ತೈತೆ? ಒಳಗಿಡು" ಎಂದರು. ಅತ್ತೆಯವರ ಕಡೆಯಿಂದ ನನಗಾದ ಉಪಕಾರಗಳನ್ನು ಎಣಿಸುವಾಗ ಇದನ್ನು ಮೊದಲು ಎಣಿಸುತ್ತೇನೆ.

ಮೂರು ವಾರ ಹೇಳಿದ ಹಾಗೆ ನೋಡಿಕೊಂಡೆ. ನಾಲ್ಕನೆಯ ವಾರ ನನ್ನ ಮಗಳಿಗೆ ಜ್ವರ ಬಂತು. ಇನ್ನೂ ವರ್ಷ ತುಂಬದ ಕೂಸು. ಮೊದಲ ಹೆಣ್ಣೊಂದು ಆರು ತಿಂಗಳಿಗೇ ಕೈಬಿಟ್ಟು ಹೋಗಿತ್ತು. ಕಷಾಯ ಕುಡಿಸಿದೆವು, ಅಂತ್ರ ಕಟ್ಟಿಸಿದೆವು, ಇಳಿಯಲಿಲ್ಲ. ಮನೆದೇವರಿಗೆ ಮುಡಿಪು ಕಟ್ಟಿ ಕೂತಿದ್ದಾಗ ನನ್ನ ಕಣ್ಣು ಅಟ್ಟದ ಮೇಲಿನ ಹೊದಿಕೆಯ ಗಂಟಿಗೆ ಹೋಯಿತು. ಅದೇ ಕಾರಣ ಎಂದು ಮನಸ್ಸು ಹೇಳಿತು. ಯಾರ ಯಾರ ಮೈ ಸೋಕಿದ್ದೋ, ಪರಜಾತಿಯವರದು, ದೇವರ ಗೂಡಿನ ಮೇಲಿನ ಅಟ್ಟದಲ್ಲೇ ಇಟ್ಟಿದ್ದೀಯಲ್ಲ ಅಂತ.

ಯಾರಾದರೂ ಹೇಳಿಕೊಟ್ಟಿದ್ದರೆ ಅವರ ಮೇಲೆ ಹಾಕಿ ಹಗುರಾಗುತ್ತಿದ್ದೆ. ಯಾರೂ ಹೇಳಲಿಲ್ಲ. ಅತ್ತೆಯವರು ಬೇವಿನಸೊಪ್ಪಿಗೆ ಹೋಗಿದ್ದರು. ಆ ಯೋಚನೆ ನನ್ನೊಳಗೇ ಹುಟ್ಟಿದ್ದು.

ನನ್ನ ತವರು ದೊಡ್ಡೇರಿ ಕಡೆಯ ಹಳ್ಳಿ. ಅಲ್ಲಿ ಕಂಬಳಿ ಒಗೆಯುವುದೆಂದರೆ ಬಿಸಿನೀರು ಹೊಯ್ದು, ಅಂಟುವಾಳದ ನೊರೆಯಲ್ಲಿ ನೆನೆಹಾಕಿ, ಕಾಲಿನಿಂದ ತುಳಿಯುವುದು. ತುಳಿದಷ್ಟೂ ಕಂಬಳಿ ಗಟ್ಟಿಯಾಗುತ್ತದೆ. ನನಗೆ ಗೊತ್ತಿದ್ದ ಒಗೆತ ಅದೊಂದೇ. ಹಂಡೆಯ ಬಿಸಿನೀರನ್ನು ಹಿತ್ತಲ ಕಲ್ಲುಬಾನಿಗೆ ಸುರಿದು, ಅಂಟುವಾಳ ಕಿವುಚಿ, ಚಿಟಿಕೆ ಅರಿಶಿನ ಹಾಕಿ, ದೇವರ ಹೆಸರು ಹೇಳಿಕೊಂಡು ಆ ಹೊದಿಕೆಯನ್ನು ತುಳಿದೆ. ಗಿಳಿಗಳ ಮೇಲೆ, ಹೂಗಳ ಮೇಲೆ ತುಳಿದೆ. ನೀರು ಕೆಂಪಾಗುವವರೆಗೂ ನಿಲ್ಲಿಸಲಿಲ್ಲ.

ಕಂಬಳಿ ಒಂದೇ ಜಾತಿಯ ಉಣ್ಣೆ, ಒಂದೇ ಸಮ ಕುಗ್ಗುತ್ತದೆ. ಇದು ನೂರಾರು ತುಂಡು. ಕೆಂಪು ಬಹಳ ಕುಗ್ಗಿತು, ಹಳದಿ ಅಷ್ಟು ಕುಗ್ಗಲಿಲ್ಲ, ರೇಷ್ಮೆಯ ದಾರ ಕುಗ್ಗಲೇ ಇಲ್ಲ. ಹೂಗಳೆಲ್ಲ ಬೊಬ್ಬೆಯಂತೆ ಮೇಲೆದ್ದವು. ಬಿಳಿಯದೆಲ್ಲ ಗುಲಾಬಿಯಾಯಿತು. ಹಿಂಡಿ ಹರವಿದಾಗ ಹಪ್ಪಳ ಕರಿದ ಹಾಗಿತ್ತು.

ಸಂಜೆಗೆ ಮಗುವಿನ ಜ್ವರ ಬಿಟ್ಟಿತು. ಅದು ದೇವರ ದಯೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಜ್ವರ ಬಿಟ್ಟದ್ದರಿಂದ ನಾನು ಮಾಡಿದ್ದು ಸರಿ ಎಂದು ನಾಲ್ಕು ದಿನ ನಂಬಿದ್ದೆನಲ್ಲ, ಅದಕ್ಕೆ ಏನನ್ನಲಿ?

ಬೂಬಮ್ಮ ಹೇಳಿದ ದಿನಕ್ಕೇ ಬಂದರು. ಮೊಮ್ಮಗ ಹುಟ್ಟಿದ ಸಂತೋಷಕ್ಕೆ ನಮಗೆ ಸಕ್ಕರೆ ತಂದಿದ್ದರು. ಹೊದಿಕೆ ಬಿಚ್ಚಿ, ಉಬ್ಬಿದ ಹೂವೊಂದನ್ನು ಬೆರಳಿನಿಂದ ಒತ್ತಿ ನೋಡಿದರು. "ಮಳೆ ಬೂಬಮ್ಮ. ಮಾಳ್ಗೆ ಸೋರಿ ನೆಂದೋಯ್ತು" ಎಂದೆ. ಬಾಯಿಗೆ ಮೊದಲು ಬಂದ ಸುಳ್ಳು.

"ಮಳೇನಾ?" ಎಂದು ಅವರು ಆಕಾಶ ನೋಡಿದರು. ಆ ವರ್ಷ ಶಿರಾದಲ್ಲಿ ಮಳೆ ಬಂದದ್ದೇ ನಾಲ್ಕು ಹನಿ.

ಒಳಗಿನಿಂದ ಅತ್ತೆಯವರು ಬಂದರು. ನಾನು ಒಗೆದದ್ದು ಅವರಿಗೆ ಗೊತ್ತಿತ್ತು. ಬಯ್ದಿರಲಿಲ್ಲ, ಎರಡು ದಿನ ನನ್ನ ಕೈಯ ನೀರು ಕುಡಿದಿರಲಿಲ್ಲ, ಅಷ್ಟೆ. "ಹೂಂ ಕಣವ್ವ, ಒಂದಿನ ಬಂದ್ಬುಡ್ತು. ಊರೆಲ್ಲ ಬುಟ್ಟು ನಮ್ಮ ಮಾಳ್ಗೇನೇ ಹುಡುಕ್ಕೊಂಡು ಬಂತು, ಹಾಳಾದ್ದು" ಎಂದರು. ಸುಳ್ಳಾಡಿದರೆ ದೀಪ ಹಚ್ಚುವ ಕೈ ಕೆಡುತ್ತದೆ ಎನ್ನುತ್ತಿದ್ದವರು. ಆಮೇಲೆ ನೇರ ದೇವರ ಮುಂದೆ ಹೋಗಿ ಕೆನ್ನೆ ಬಡಿದುಕೊಂಡರು. ಆ ಪೆಟ್ಟು ನನ್ನ ಕೆನ್ನೆಗೆ ಬೀಳಬೇಕಿತ್ತು.

ನಿಕಾಹ್‌ಗೆ ಉಳಿದದ್ದು ಇಪ್ಪತ್ತೇ ದಿನ. ಬೂಬಮ್ಮ ಅಳುತ್ತ ಕೂರಲಿಲ್ಲ. "ಬಾ ಬೇಟಿ, ಬಿಚ್ಚಿ ಹೊಲಿಯೋಣ" ಎಂದು ನನ್ನನ್ನೇ ಕರೆದರು. ದಿನಾ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಕೂತು ರೇಷ್ಮೆಯ ಹೊಲಿಗೆ ಬಿಚ್ಚಿದೆವು. ಕೆಂಪಿನ ತೂತುಗಳು ಕಿರಿದಾಗಿ, ಹೂಗಳು ಅವುಗಳಿಗಿಂತ ದೊಡ್ಡವಾಗಿದ್ದವು. ಅವರು ಒಂದೊಂದು ಎಸಳನ್ನೂ ಕೂದಲೆಳೆಯಷ್ಟು ಕತ್ತರಿಸಿ ಕೂರಿಸುವರು, ನಾನು ಹೊಲಿಯುವೆ.

"ನೋಡು, ಮಳೆ ಬಿಳಿ ಹೂವಿಗೆಲ್ಲ ರಂಗು ಎರಚ್ಬಿಟ್ಟೈತೆ" ಎಂದು ಅವರ ಮಗಳು ತಮಾಷೆ ಮಾಡಿದಳು. ಬೂಬಮ್ಮ ನಗಲಿಲ್ಲ. ಗಿಳಿಯ ರೆಕ್ಕೆಯ ಅಡಿಯಿಂದ ಏನನ್ನೋ ಸೂಜಿಯ ಮೊನೆಯಲ್ಲಿ ಎತ್ತಿದರು. ಉಗುರಿನಷ್ಟು ಅಂಟುವಾಳದ ಸಿಪ್ಪೆ. ಬೆರಳಲ್ಲಿ ತಿಕ್ಕಿ ಮೂಸಿದರು, ಊದಿ ಬಿಟ್ಟರು, ಮತ್ತೆ ಕತ್ತರಿ ಹಿಡಿದರು. ನಾನು ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದೆ.

ಹೊದಿಕೆ ಒಂದು ಮೊಳ ಕಿರಿದಾಯಿತು, ಅಂಚು ಸೊಟ್ಟಗಾಯಿತು, ಆದರೂ ಮದುಮಗಳು ಕೂರುವಷ್ಟು ಉಳಿಯಿತು. ನಿಕಾಹ್ ದಿನ ನನ್ನನ್ನೂ ಕರೆದಿದ್ದರು. ತುಮಕೂರಿನ ಹೆಂಗಸೊಬ್ಬರು ಅದನ್ನು ಮುಟ್ಟಿ ನೋಡಿ, "ಇದೇನಾ ಅಷ್ಟು ಹೇಳ್ತಿದ್ದ ಇರಾನಿದು? ಗೋಣಿತಾಟು ಇದ್ದಂಗೈತೆ" ಎಂದರು.

"ಮಳೇಲಿ ನೆಂದೋಯ್ತು" ಎಂದರು ಬೂಬಮ್ಮ. ನನ್ನ ಕಡೆ ನೋಡಲಿಲ್ಲ. ತಮ್ಮ ಬೀಗರ ಎದುರಿಗೆ ನನ್ನ ಸುಳ್ಳನ್ನು ಅವರೇ ಆಡಿದರು. ನಾನು ಎಲೆಯಡಿಕೆ ಅಗಿಯುತ್ತ ಕೂತಿದ್ದೆ.

ಮದುವೆ ಕಳೆದು ಎಂಟು ದಿನಕ್ಕೆ ಇನ್ನು ತಡೆಯಲಾರದೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಎದುರು ಮನೆಗೆ ಹೋದೆ. ಬೂಬಮ್ಮ ಒಬ್ಬರೇ ಅಕ್ಕಿ ಆರಿಸುತ್ತಿದ್ದರು.

"ಬೂಬಮ್ಮ, ಮಳೆ ಅಲ್ಲ. ನಾನೇ ಒಗೆದ್ಬುಟ್ಟೆ."

"ಗೊತ್ತು."

"ತಪ್ಪಾಯ್ತು."

"ಒಗೆದಿದ್ದು ಏನು ಮಹಾ ಬಿಡು. ಗೊತ್ತಿಲ್ದೆ ಎಲ್ರೂ ಮಾಡ್ತಾರೆ." ಮೊರವನ್ನು ಕೆಳಗಿಟ್ಟರು. "ನಾನು ಕೊಡೋ ಹಿಂದಿನ ದಿನ ತಾನೆ ಕೊಡವಿ ನೆರಳಲ್ಲಿ ಹರವಿದ್ದೆ. ಯಾಕೆ ಒಗೆದೆ? ಮಗೂಗೆ ಜ್ವರ ಇತ್ತಂತಲ್ಲ, ಆಗ್ಲಾ?"

ಅವರು ಕೇಳಬೇಕಾದದ್ದನ್ನೇ ಕೇಳಿದ್ದರು. ಹೂಂ ಅನ್ನುವುದೊಂದೇ ನನಗೆ ಉಳಿದಿದ್ದ ಕೆಲಸ. ನಿಜ ಹೇಳಲೆಂದೇ ಬಂದವಳು, ಅಲ್ಲಿಯವರೆಗೂ ಬಂದು, "ಇಲ್ಲ ಬೂಬಮ್ಮ, ಆಗಲ್ಲ. ಧೂಳು ಕೂತಿತ್ತು, ಅದ್ಕೇ" ಎಂದೆ.

"ಸರಿ ಬೇಟಿ" ಎಂದರು. "ಧೂಳೇ ಇರ್ಬೇಕು."

ಮಗು ಅವರನ್ನು ನೋಡಿ ಕೇಕೆ ಹಾಕಿ ಕೈ ಚಾಚಿತು. ಅವರೂ ಎತ್ತಿಕೊಳ್ಳಲು ಕೈ ಮುಂದೆ ಮಾಡಿದರು. ಮಾಡಿದ ಕೈಯನ್ನು ನಡುವೆಯೇ ತಡೆದು ನನ್ನ ಮುಖ ನೋಡಿದರು.

"ಮುಟ್ಲಾ?" ಎಂದು ಕೇಳಿದರು.

ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು.