ಸೀವುಡ್ಸಿನಲ್ಲಿ ಇಳಿಸಿದ ಎರಡಕ್ಷರ

ನೆರೂಳದಲ್ಲಿ ನಮ್ಮ ಕೆಳಗಿನ ಮನೆಯ ನಳಿನಾಕ್ಷಿಯವರು ಬೇಲಾಪುರದ ಒಂದು ಖಾಸಗಿ ಆಫೀಸಿನಲ್ಲಿ ವರ್ಷಗಳಿಂದ ಟೈಪಿಂಗ್ ಮಾಡುತ್ತಿದ್ದಾರೆ. ಕಾಂಟ್ರ್ಯಾಕ್ಟ್ ಕೆಲಸ. ಮಾರ್ಚ್ ಬಂತೆಂದರೆ ಮುಂದಿನ ವರ್ಷ ಉಂಟೋ ಇಲ್ಲವೋ ಎಂಬ ಚಿಂತೆ. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದವರು. ಹೋಟೆಲಿನಲ್ಲಿ ದುಡಿಯುತ್ತಿದ್ದ ಗಂಡ ಮುರಾರಿ ಸೊಂಟ ನೋವಿನಿಂದ ಮಲಗಿದ ಮೇಲೆ ಮನೆ ನಡೆಯುವುದು ಇವರ ಸಂಬಳದಲ್ಲೇ. ಈ ವರ್ಷ ಕೊನೆಗೂ ಅದೇ ಆಫೀಸಿನಲ್ಲಿ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಪಟ್ಟಿಯಲ್ಲಿ ಮೊದಲ ಹೆಸರೇ ಇವರದು.

ಸಂದರ್ಶನದ ಬೆಳಿಗ್ಗೆ ನೆರೂಳದಲ್ಲಿ ಲೋಕಲ್ ಗಾಡಿ ಹತ್ತಿದ ಮೇಲೆ ಪರ್ಸ್ ತೆಗೆದು ನೋಡುತ್ತಾರೆ, ರೈಲ್ವೆ ಪಾಸ್ ಹಿಂದಿನ ದಿನವೇ ಮುಗಿದಿದೆ! ಸಂದರ್ಶನದ ಗಡಿಬಿಡಿಯಲ್ಲಿ ಮರೆತೇಹೋಗಿತ್ತು. ಅಕ್ಕನ ಮಗಳು ರಮಿತಾ ಇದಕ್ಕೂ ಮುಂಚಿನ ಗಾಡಿಯಲ್ಲಿ ಹೋಗಿದ್ದಳು. ಅವಳಿಗೆ ಮೆಸೇಜ್ ಹಾಕಿದರು: "ಪಾಸ್ ಮುಗಿದಿದೆ ಮಾರಾಯ್ತಿ! ನೀನು ಎಲ್ಲಿದ್ದಿ?"

ಉತ್ತರ ಬಂತು: "ಬೇಲಾಪುರ್ ಸ್ಟೇಷನ್. ಟಿಸಿ."

ಟಿಕೆಟ್ ತಪಾಸಣೆಯವರು ಬೇಲಾಪುರದಲ್ಲೇ ನಿಂತಿದ್ದಾರೆ! ಸಂದರ್ಶನದ ದಿನವೇ ಸಿಕ್ಕಿಬಿದ್ದು ಎಲ್ಲರೆದುರು ತಲೆ ತಗ್ಗಿಸುವುದೇ? ನಳಿನಾಕ್ಷಿಯವರು ನಡುವಿನ ಸೀವುಡ್ಸಿನಲ್ಲಿ ಇಳಿದುಬಿಟ್ಟರು. ಟಿಕೆಟ್ ಕಿಟಕಿಯ ಮುಂದೆ ಉದ್ದ ಸಾಲು. ಟಿಕೆಟ್ ಕೈಗೆ ಬರುವಷ್ಟರಲ್ಲಿ ಮುಂದಿನ ಎರಡು ಮೂರು ಗಾಡಿಗಳೂ ಹೊರಟುಹೋದವು. ಬೆವರುತ್ತ ಬೇಲಾಪುರದಲ್ಲಿ ಇಳಿದರೆ ಅಲ್ಲಿ ತಪಾಸಣೆಯವರ ಸುಳಿವೇ ಇಲ್ಲ.

"ಉಶೀರ್ ಝಾಲಾ, ಮ್ಯಾಡಮ್," ಎಂದ ಆಫೀಸಿನ ಪ್ಯೂನ್. ತಡವಾಗಿತ್ತು. ಉಳಿದಿಬ್ಬರನ್ನೂ ನೋಡಿ ಮುಗಿಸಿ ಸಾಹೇಬರು ಹೊರಟುಹೋಗಿದ್ದರು.

ಸಂಜೆ ರಮಿತಾ ಮನೆಗೆ ಬಂದಾಗ ನಳಿನಾಕ್ಷಿಯವರು ಬಾಗಿಲಲ್ಲೇ ಕೇಳಿದರು, "ಎಲ್ಲಿದ್ದ ಮಾರಾಯ್ತಿ ನಿನ್ನ ಟಿಸಿ?"

"ಕೌನ್ ಟಿಸಿ?"

"ನೀನೇ ಬರೆದದ್ದಲ್ವಾ!"

ರಮಿತಾ ಫೋನ್ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ಚಿಕ್ಕಮ್ಮ, ಅದು ಟೇಕ್ ಕೇರ್! ಹುಷಾರಾಗಿ ಬನ್ನಿ ಅಂತ."

"ಪಾಸಿಲ್ಲದೆ ಲೋಕಲ್‌ನಲ್ಲಿ ಕೂತವಳಿಗೆ ಟಿಸಿ ಅಂದ್ರೆ ಇನ್ನೆಂಥದು?"

"ಸಬ್ ಲೋಗ್ ಹಾಗೇ ಬರೀತಾರೆ. ಹಳೇ ಫೋನಲ್ಲಿ ಒಂದು ಮೆಸೇಜಿಗೆ ಇಷ್ಟೇ ಅಕ್ಷರ ಅಂತ ಇತ್ತಲ್ಲ? ಒಂದೊಂದಕ್ಕೂ ಗುಂಡಿ ಎರಡು ಮೂರು ಸಲ ಒತ್ತಬೇಕು. ಆಗಿಂದ ಎಲ್ಲ ಶಾರ್ಟ್ ಆಯ್ತು."

"ಆ ಫೋನೆಲ್ಲ ಗುಜರಿಗೆ ಹೋಯ್ತಲ್ಲ! ಈಗ ಯಾರು ಅಕ್ಷರ ಲೆಕ್ಕ ಇಡ್ತಾರೆ? ಹುಷಾರು ಅನ್ನಲಿಕ್ಕೂ ಕಂಜೂಸಿಯಾ?"

ಒಳಗಿನಿಂದ ಮುರಾರಿ ನರಳುತ್ತಲೇ ಹೇಳಿದರು, "ನಿಜವಾದ ಟಿಸಿ ಹಿಡಿದಿದ್ರೆ ದಂಡ ಕಟ್ಟಿ ಹೋಗ್ಬಹುದಿತ್ತು. ಈ ಟಿಸಿಗೆ ರಸೀದಿಯೂ ಇಲ್ಲ."

ಯಾರೂ ನಗಲಿಲ್ಲ.

ಹುದ್ದೆ ಬೇರೆಯವರಿಗೆ ಹೋಯಿತು. ನಳಿನಾಕ್ಷಿಯವರಿಗೆ ಮತ್ತದೇ ಕಾಂಟ್ರ್ಯಾಕ್ಟ್, ಮತ್ತದೇ ಮಾರ್ಚ್. ಸುದ್ದಿ ತಿಳಿದ ಮರುದಿನ ಹೊಸ ಪಾಸ್ ಹಿಡಿದು ಗಾಡಿಯಲ್ಲಿ ನಿಂತಿದ್ದಾಗ ಫೋನ್ ಸದ್ದಾಯಿತು. ರಮಿತಾಳ ಮೆಸೇಜ್: "ಸಾರಿ ಚಿಕ್ಕಮ್ಮ. ನೆಕ್ಸ್ಟ್ ಟೈಮ್ ಪಕ್ಕಾ ಆಗುತ್ತೆ. ಟಿಸಿ."

ನಳಿನಾಕ್ಷಿಯವರು ಹಲ್ಲು ಕಚ್ಚಿ ಫೋನನ್ನು ಚೀಲಕ್ಕೆ ತುರುಕಿದರು. ಗಾಡಿ ಸೀವುಡ್ಸಿನಲ್ಲಿ ನಿಂತಿತ್ತು. ಅವರು ಇಳಿಯಲಿಲ್ಲ.